ನಾಲ್ಕು ತಿರುಪು, ಒಂದು ಹಳೆಯ ಅಗ್ಗಿಷ್ಟಿಕೆ

ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ ಆತ, ಸಂಗೀತಗಾರರು ಹೊತ್ತು ತರುತ್ತಿದ್ದ ಕೆಟ್ಟ ಆಂಪ್ಲಿಫೈಯರ್‌ಗಳನ್ನು ಬಿಚ್ಚುತ್ತ, ಜೋಡಿಸುತ್ತ ಮೆಲ್ಲಗೆ ಅವರ ವಾದ್ಯಗಳತ್ತ ಹೊರಳಿದ. ಆ ಕಾಲದ ಹೆಚ್ಚಿನ ಗಿಟಾರುಗಳಲ್ಲಿ ನೆಕ್ ಎಂಬ ಉದ್ದನೆಯ ಹಿಡಿಯನ್ನು ಒಡಲಿಗೆ ಅಂಟಿಸಿರುತ್ತಿದ್ದರು. ನೆಕ್ ಬಾಗಿದರೆ ಅಂಟು ಬಿಡಿಸಿ ಮತ್ತೆ ಕೂರಿಸಲು ನುರಿತ ಕೈಯೇ ಬೇಕು. ಬಿಡಿಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಿ ರೂಢಿಯಿದ್ದ ರಿಪೇರಿಯವನಿಗೆ ಇದು ಸರಿಕಾಣಲಿಲ್ಲ. 1950ರಲ್ಲಿ ಆತನ ಕಂಪನಿ ಮಾರುಕಟ್ಟೆಗೆ ತಂದ, ಮರುವರ್ಷ ಟೆಲಿಕ್ಯಾಸ್ಟರ್ ಎಂಬ ಹೆಸರು ಪಡೆದ ಗಿಟಾರಿನ ನೆಕ್ ನಾಲ್ಕೇ ತಿರುಪುಗಳ ಮೇಲೆ ನಿಂತಿತ್ತು. ತಿರುಪು ಬಿಚ್ಚಿದರೆ ನೆಕ್ ಕೈಗೆ ಬರುತ್ತದೆ. ಇನ್ನೊಂದನ್ನು ಇಟ್ಟು ಬಿಗಿದರೆ ಆಯಿತು.

ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲೇ ಕಟ್ಟುವ, ಕೊಂಡದ್ದನ್ನು ಬಿಚ್ಚಿ ಬದಲಾಯಿಸುವ ಹವ್ಯಾಸ ಇಂದು ಜಗತ್ತಿನಾದ್ಯಂತ ಇದ್ದರೆ ಅದಕ್ಕೆ ಈ ನಾಲ್ಕು ತಿರುಪುಗಳ ಉಪಕಾರ ದೊಡ್ಡದು. ಹಾಗೆಂದು ಹವ್ಯಾಸ ಫೆಂಡರ್‌ನಿಂದ ಶುರುವಾಯಿತು ಎಂದುಕೊಳ್ಳಬೇಕಿಲ್ಲ. ಕಂಪನಿಗಳು ಮಾಡಿದ್ದನ್ನು ನೋಡಿ ಮನೆಯವರು ಕಲಿತರು ಎನ್ನುವುದಕ್ಕಿಂತ, ಮನೆಯಲ್ಲಿ ಹುಟ್ಟಿದ್ದನ್ನು ಕಂಪನಿಗಳು ಎತ್ತಿಕೊಂಡವು ಎನ್ನುವುದೇ ಈ ವಾದ್ಯದ ಚರಿತ್ರೆಗೆ ಹೆಚ್ಚು ಹೊಂದುತ್ತದೆ.

ಲಾಸ್ ಏಂಜಲೀಸಿನ ಜಾರ್ಜ್ ಬೀಚಮ್ ಹವಾಯಿ ಗಿಟಾರ್ ನುಡಿಸುತ್ತಿದ್ದವನು. ತುತ್ತೂರಿ, ಡ್ರಮ್ಮುಗಳ ನಡುವೆ ತನ್ನ ವಾದ್ಯ ಯಾರಿಗೂ ಕೇಳಿಸುವುದಿಲ್ಲ ಎಂಬುದು ಆತನ ಕೊರಗು. ರಾತ್ರಿ ತರಗತಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಕಲಿತ, ಗ್ರಾಮಫೋನಿನ ಪಿಕಪ್ಪನ್ನು ಬಿಚ್ಚಿ ನೋಡಿದ, ಮನೆಬಳಕೆಯ ಯಂತ್ರವೊಂದರ ಮೋಟರು ಬಳಸಿ ಊಟದ ಮೇಜಿನ ಮೇಲೆ ತಂತಿ ಸುರುಳಿ ಸುತ್ತಿ ತನ್ನದೇ ಪಿಕಪ್ ಮಾಡಿದ. 1931ರಲ್ಲಿ ಗೆಳೆಯ ಹ್ಯಾರಿ ವಾಟ್ಸನ್ ಆ ಪಿಕಪ್ಪಿಗಾಗಿ ಮೇಪಲ್ ಮರದಲ್ಲಿ ಒಡಲು ಕೆತ್ತಿಕೊಟ್ಟ. ದುಂಡನೆಯ ಪುಟ್ಟ ಒಡಲು, ಉದ್ದನೆಯ ಹಿಡಿ: ನೋಡಿದವರು ಅದಕ್ಕೆ ಬಾಣಲೆ ಎಂದೇ ಹೆಸರಿಟ್ಟರು. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಅದನ್ನು ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದು ಮಾರಲು ತೊಡಗಿದ ಮೇಲೂ ಪೇಟೆಂಟ್ ಕೈಗೆ ಬಂದದ್ದು 1937ರಲ್ಲಿ.

ಆ ಪಿಕಪ್ಪಿನ ತತ್ವ ಇಂದಿಗೂ ಬದಲಾಗಿಲ್ಲ. ಉಕ್ಕಿನ ತಂತಿಯ ಕೆಳಗೆ ಒಂದು ಅಯಸ್ಕಾಂತ. ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಮೇಲಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಹೆಚ್ಚಿನ ಪಿಕಪ್ಪುಗಳಿಗೆ ಬ್ಯಾಟರಿ ಬೇಡ, ಒಳಗೆ ಶಾಕ್ ಹೊಡೆಯುವಂಥದ್ದೇನೂ ಇಲ್ಲ. ಒಂದೇ ತೊಂದರೆ, ಮನೆಯ ಕರೆಂಟಿನ ಗುಂಯ್‌ಗುಡುವ ಸದ್ದನ್ನೂ ಈ ಸುರುಳಿ ಹಿಡಿದುಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಒಂದರ ಗುಂಯ್‌ಕಾರವನ್ನು ಇನ್ನೊಂದು ಅಳಿಸುವಂತೆ ಮಾಡಿದ. ಹಂಬಕರ್ ಎಂದರೆ ಅದೇ.

ಮನೆಯಲ್ಲಿ ಹುಟ್ಟಿದ್ದಕ್ಕೆ ಇನ್ನೊಂದು ಉದಾಹರಣೆ ಲೆಸ್ ಪಾಲ್, ಆಗಲೇ ಹೆಸರು ಮಾಡಿದ್ದ ಗಿಟಾರಿಸ್ಟ್. 1940ರ ಸುಮಾರಿಗೆ, ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆ ಭಾನುವಾರ ಖಾಲಿ ಇರುವಾಗ ಒಳಗೆ ಹೋಗಿ, ನಾಲ್ಕಿಂಚು ದಪ್ಪದ ಪೈನ್ ಮರದ ತುಂಡಿಗೆ ನೆಕ್ಕು, ಪಿಕಪ್ಪು, ತಂತಿ ಕೂರಿಸಿದ. ತುಂಡು ಗಟ್ಟಿಯಾಗಿದ್ದರಿಂದ ಸ್ವರ ಬಹಳ ಹೊತ್ತು ನಿಲ್ಲುತ್ತಿತ್ತು, ಆಂಪ್ಲಿಫೈಯರ್ ಮುಂದೆ ಕಿರುಚುತ್ತಲೂ ಇರಲಿಲ್ಲ. ಆದರೆ ತೊಲೆಯ ತುಂಡು ನುಡಿಸುವವನನ್ನು ಜನ ಒಪ್ಪಲಿಲ್ಲ. ಆತ ಹಳೆಯ ಗಿಟಾರೊಂದರ ಒಡಲನ್ನು ಸೀಳಿ ಎರಡು ಪಕ್ಕಕ್ಕೂ ರೆಕ್ಕೆಯಂತೆ ಅಂಟಿಸಿದ. ಅದೇ ಜನ ಚಪ್ಪಾಳೆ ತಟ್ಟಿದರು. ಗಿಬ್ಸನ್ ಕಂಪನಿ ಈ ಯೋಚನೆಯನ್ನು ಮೊದಲು ತಳ್ಳಿಹಾಕಿತು. ಫೆಂಡರ್‌ನ ಗಿಟಾರು ಬಿಕರಿಯಾಗತೊಡಗಿದ ಮೇಲೆ, 1952ರಲ್ಲಿ, ಲೆಸ್ ಪಾಲ್ ಹೆಸರಿನ ಗಟ್ಟಿ ಒಡಲಿನ ಗಿಟಾರನ್ನು ತಾನೇ ಹೊರತಂದಿತು.

ಹವ್ಯಾಸಿಗಳ ನಿಜವಾದ ಪರೀಕ್ಷೆ ನಡೆದದ್ದು ಇಂಗ್ಲೆಂಡಿನಲ್ಲಿ. ಯುದ್ಧಾನಂತರ ಡಾಲರ್ ಉಳಿಸಬೇಕಾದ ಬ್ರಿಟನ್ 1951ರಿಂದ 1959ರವರೆಗೆ ಅಮೆರಿಕದ ವಾದ್ಯಗಳ ಆಮದನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು. ನಿರ್ಬಂಧ ಹೋದ ಮೇಲೂ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರು ಅಂಗಡಿಯ ಗಾಜಿನ ಹಿಂದಷ್ಟೇ ನೋಡಬಹುದಾದ ವಸ್ತು. ಲಂಡನ್ ಪಕ್ಕದ ಫೆಲ್ತಮ್‌ನಲ್ಲಿ ಅದನ್ನು ಬಯಸಿದ ಶಾಲಾ ಹುಡುಗ ಬ್ರಯಾನ್ ಮೇ. ವಯಸ್ಸು ಹದಿನಾರು. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು, ಮನೆಯ ಎಷ್ಟೋ ಸಾಮಾನುಗಳನ್ನು ಕೈಯಾರೆ ಮಾಡಿಕೊಂಡವರು. ಕೊಳ್ಳಲು ಹಣವಿಲ್ಲ, ಕಟ್ಟೋಣ ಎಂದು ಅಪ್ಪ ಮಗ 1963ರ ಆಗಸ್ಟಿನಲ್ಲಿ ಕೆಲಸಕ್ಕೆ ಕೂತರು.

ಪರಿಚಯದವರೊಬ್ಬರು ಎಸೆಯಲು ಹೊರಟಿದ್ದ ಹಳೆಯ ಅಗ್ಗಿಷ್ಟಿಕೆಯ ಮಹೋಗನಿ ಚೌಕಟ್ಟು ಗಿಟಾರಿನ ನೆಕ್ ಆಯಿತು. ಮರ ನೂರು ವರ್ಷ ದಾಟಿದ್ದು. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಒಡಲಿಗೆ ಹಳೆಯ ಮೇಜಿನ ಓಕ್ ಮತ್ತು ಬ್ಲಾಕ್‌ಬೋರ್ಡ್, ಮೇಲೆ ಮಹೋಗನಿಯ ತೆಳು ಹೊದಿಕೆ. ಫ್ರೆಟ್‌ಬೋರ್ಡಿನ ಮೇಲಿನ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬದಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಎಲ್ಲಕ್ಕಿಂತ ಕಷ್ಟದ ಭಾಗ ಟ್ರೆಮೊಲೊ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಸಡಿಲಿಸಿ ಬಿಗಿದು ಸ್ವರವನ್ನು ತೂಗಿಸುವ ಸಾಧನ. ಅದು ಮೂಲಸ್ಥಾನಕ್ಕೆ ಕೂದಲೆಳೆಯಷ್ಟೂ ತಪ್ಪದೆ ಮರಳಬೇಕು, ಇಲ್ಲದಿದ್ದರೆ ಶ್ರುತಿ ಹೋಗುತ್ತದೆ. ಇವರು ಅದನ್ನು ಗಟ್ಟಿ ಉಕ್ಕಿನ ಚಾಕುವಿನ ಅಂಚಿನ ಮೇಲೆ ತೂಗಿಬಿಟ್ಟರು. ತಂತಿಗಳ ಎಳೆತಕ್ಕೆ ಎದುರಾಗಿ ಹಳೆಯ ಪ್ಯಾಂಥರ್ ಮೋಟರ್ ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗು ಹಾಕಿದರು. ಹಿಡಿಗೆ ಸೈಕಲ್ಲಿನ ಚೀಲ ತೂಗಿಹಾಕುವ ಕಂಬಿ, ಅದರ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಣುಕು.

ಪಿಕಪ್ಪುಗಳನ್ನೂ ಹುಡುಗ ತಾನೇ ಸುತ್ತಿದ್ದ. ನಾದ ಚೆನ್ನಾಗಿತ್ತು, ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿದರೆ ಜೊತೆಗೆ ಬೇಡದ ಸದ್ದು. ಕೊನೆಗೆ ಬರ್ನ್ಸ್ ಕಂಪನಿಯ ಮೂರು ಪಿಕಪ್ಪು ಕೊಂಡು, ಅವು ಕೂಗದಂತೆ ಒಳಗೆ ಅರಾಲ್ಡೈಟ್ ಅಂಟು ತುಂಬಿದ. ಪ್ರತಿಯೊಂದಕ್ಕೂ ಎರಡೆರಡು ಸ್ವಿಚ್ಚು: ಒಂದು ಅದನ್ನು ಹಚ್ಚಿ ಆರಿಸಲು, ಇನ್ನೊಂದು ಅದರ ಅಲೆಯನ್ನು ತಿರುಗುಮುರುಗು ಮಾಡಲು. ಎರಡು ಪಿಕಪ್ಪುಗಳ ಅಲೆಗಳು ಎದುರುಬದುರಾದಾಗ ತಗ್ಗಿನ ಸ್ವರಾಂಶ ಅಳಿದು ಮೊನಚಾದ, ಮೂಗಿನ ದನಿ ಉಳಿಯುತ್ತದೆ. ಆಗಿನ ಅಂಗಡಿಯ ಹೆಚ್ಚಿನ ಗಿಟಾರುಗಳಲ್ಲಿ ಇಷ್ಟು ಬಗೆಯ ಜೋಡಣೆ ಸಿಗುತ್ತಿರಲಿಲ್ಲ. ರೆಡ್ ಸ್ಪೆಷಲ್ ಎಂದು ಹೆಸರಾದ ಈ ಗಿಟಾರು ಕ್ವೀನ್ ರಾಕ್ ತಂಡದ ಮೊದಲ ಆಲ್ಬಮ್ಮಿನಿಂದಲೂ ಮೇ ಕೈಯಲ್ಲಿದೆ. 2002ರ ಜೂನ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಆತ ರಾಷ್ಟ್ರಗೀತೆ ನುಡಿಸಿದ್ದೂ ಇದರಲ್ಲೇ.

ಅದೇ ತಂಡದ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವನು. 1970ರ ದಶಕದ ಆರಂಭದಲ್ಲಿ ಲಂಡನ್ನಿನ ಕಸದ ತೊಟ್ಟಿಯೊಂದರಲ್ಲಿ ಸಿಕ್ಕ ಸರ್ಕಿಟ್ ಬೋರ್ಡನ್ನು ಪುಸ್ತಕದ ಕಪಾಟಿನಲ್ಲಿಡುವಂಥ ಸ್ಪೀಕರ್ ಪೆಟ್ಟಿಗೆಯಲ್ಲಿ ಜೋಡಿಸಿ, 9 ವೋಲ್ಟ್ ಬ್ಯಾಟರಿಯಲ್ಲಿ ಓಡುವ ಪುಟ್ಟ ಆಂಪ್ಲಿಫೈಯರ್ ಮಾಡಿದ. ಮೇ ಹಲವು ಪದರಗಳಲ್ಲಿ ಗಿಟಾರ್ ನುಡಿಸಿ ವಾದ್ಯವೃಂದದಂತೆ ಕೇಳಿಸಿದ ಎಷ್ಟೋ ಕಡೆ ಈ ಪೆಟ್ಟಿಗೆ ಕೆಲಸ ಮಾಡಿದೆ.

ಸೋವಿಯತ್ ಒಕ್ಕೂಟದಲ್ಲಿ ಅಭಾವ ಇನ್ನೂ ಕಟುವಾಗಿತ್ತು. ಅಂಗಡಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಸಿಗದ ದಿನಗಳಲ್ಲಿ ಹುಡುಗರು ಬೀದಿಯ ಟೆಲಿಫೋನ್ ಬೂತ್‌ಗಳ ರಿಸೀವರ್ ಬಿಚ್ಚಿ ಪಿಕಪ್ ಮಾಡಿಕೊಂಡರು ಎಂಬ ಮಾತು ಅಲ್ಲಿನ ಹಳೆಯ ರಾಕ್ ಸಂಗೀತಗಾರರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಅಮೆರಿಕದಲ್ಲಿ ವಾದ್ಯಕ್ಕೆ ಬರವಿರಲಿಲ್ಲ. ಅಲ್ಲಿ ಕೈ ಹಾಕಿಸಿದ್ದು ಅತೃಪ್ತಿ. 1954ರ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಮೂರು ಪಿಕಪ್ಪಿಗೆ ಮೂರೇ ಸ್ಥಾನದ ಸ್ವಿಚ್ ಇತ್ತು. ವಾದಕರು ಅದನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ನಿಲ್ಲಿಸಿ, ಎರಡು ಪಿಕಪ್ಪು ಕೂಡಿದ ತೆಳುವಾದ ಇಂಪನ್ನು ಕಂಡುಕೊಂಡರು. ಐದು ಸ್ಥಾನದ ಸ್ವಿಚ್ಚನ್ನು ಕಂಪನಿ ಕೊಟ್ಟದ್ದು 1977ರಲ್ಲಿ. ಆ ಹೊತ್ತಿಗೆ ಲ್ಯಾರಿ ಡಿಮಾರ್ಜಿಯೊ, ಸೇಮೂರ್ ಡಂಕನ್ ಮುಂತಾದವರು ಪಿಕಪ್ಪುಗಳನ್ನು ಬಿಡಿಯಾಗಿ ಮಾರುವ ಕಸುಬನ್ನೇ ಕಟ್ಟಿದ್ದರು.

ಆ ಬಿಡಿಭಾಗಗಳ ಕಾಲದ ಮಹಾ ಹವ್ಯಾಸಿ ಎಡ್ಡಿ ವ್ಯಾನ್ ಹೇಲನ್. ಫೆಂಡರ್ ಆಕಾರದ ಒಡಲಿಗೆ 50 ಡಾಲರ್, ನೆಕ್ಕಿಗೆ 80 ಡಾಲರ್ ಕೊಟ್ಟು ತಂದು, ತನ್ನ ಹಳೆಯ ಗಿಬ್ಸನ್ನಿನಿಂದ ಕಿತ್ತ ಹಂಬಕರ್ ಹಾಕಿದ. ಜೋರು ಸದ್ದಿನಲ್ಲಿ ಸುರುಳಿಯ ಸಡಿಲ ತಂತಿ ತಾನೇ ನಡುಗಿ ಕಿರುಚುತ್ತದೆ. ಅದನ್ನು ತಡೆಯಲು ಪಿಕಪ್ಪನ್ನು ಕರಗಿದ ಪ್ಯಾರಫಿನ್ ಮೇಣದಲ್ಲಿ ಅದ್ದಿದ. ಟೇಪು ಸುತ್ತಿ ಸೈಕಲ್ಲಿಗೆ ಹೊಡೆಯುವ ಪೇಂಟು ಹೊಡೆದು ಅಡ್ಡಾದಿಡ್ಡಿ ಪಟ್ಟೆ ಮೂಡಿಸಿದ. ಮುಂದೆ ಟ್ರೆಮೊಲೊ ಬದಲಿಸಿದಾಗ ಅದು ಹಿಂದಕ್ಕೆ ವಾಲದಂತೆ ಕೆಳಗೆ 1971ರ ಕಾಲು ಡಾಲರ್ ನಾಣ್ಯವೊಂದನ್ನು ಜಡಿದ. 1978ರಲ್ಲಿ ವ್ಯಾನ್ ಹೇಲನ್ ತಂಡದ ಮೊದಲ ಆಲ್ಬಮ್ ಬಂದ ಮೇಲೆ ಒಂದೇ ಹಂಬಕರ್, ಒಂದೇ ಗುಬಟೆಯ ಗಿಟಾರುಗಳನ್ನು ಕಂಪನಿಗಳು ಸಾಲುಸಾಲಾಗಿ ಮಾಡಿದವು. ಮೂಲ ಗಿಟಾರು 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಪ್ರದರ್ಶನದಲ್ಲಿತ್ತು.

ಇಷ್ಟಾದರೂ ಆಗ ಹೊಸಬರಿಗೆ ಕಲಿಸುವವರು ಕಡಿಮೆ ಇದ್ದರು. 1986ರಲ್ಲಿ ಇಂಗ್ಲೆಂಡಿನ ಮೆಲ್ವಿನ್ ಹಿಸ್ಕಾಕ್ ಬರೆದ ಕೈಪಿಡಿ ಆ ಕೊರತೆ ನೀಗಿಸಿತು. ಮರ ಆರಿಸುವುದರಿಂದ ಬಣ್ಣ ಹಚ್ಚುವವರೆಗೆ ಅದು ಹೇಳಿಕೊಟ್ಟಿತು. ಹೊಸಬರು ಎಡವುವುದು ಮರಗೆಲಸಕ್ಕಿಂತ ಫ್ರೆಟ್ಟಿನ, ಅಂದರೆ ಮೆಟ್ಟಿಲುಗಳ, ಲೆಕ್ಕದಲ್ಲಿ. ವೀಣೆಗೆ ಮೇಳ ಕಟ್ಟುವವರು ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಕಿವಿಗೆ ಹೊಂದದಿದ್ದರೆ ಸರಿಸಬಹುದು. ಗಿಟಾರಿನಲ್ಲಿ ಗರಗಸದ ಗೀರು ಬಿದ್ದರೆ ಮುಗಿಯಿತು. ಫೆಂಡರ್ ಅಳತೆಯ 648 ಮಿಲಿಮೀಟರ್ ತಂತಿಯನ್ನು 17.817ರಿಂದ ಭಾಗಿಸಿದರೆ 36.37, ಮೊದಲ ಫ್ರೆಟ್ ಅಲ್ಲಿಗೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹೋದರೆ ಹನ್ನೆರಡನೆಯ ಫ್ರೆಟ್ ಸರಿಯಾಗಿ ನಟ್ಟನಡುವೆ ಬರಬೇಕು. ಈ ಭಯಕ್ಕೇ ಹೆಚ್ಚಿನವರು ಗೀರು ಕೊರೆದ ಫ್ರೆಟ್‌ಬೋರ್ಡನ್ನೋ, ಇಡೀ ಗಿಟಾರಿನ ಕಿಟ್ಟನ್ನೋ ಕೊಳ್ಳುತ್ತಾರೆ. ಒಳಗಿನ ವೈರಿಂಗ್ ಅಷ್ಟು ಕಠಿಣವಲ್ಲ: ಒಂದೆರಡು ಪೊಟೆನ್ಶಿಯೋಮೀಟರ್, ಒಂದು ಕೆಪಾಸಿಟರ್, ಸಾಲ್ಡರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಥ ಸಾಮಾನು ಸಿಗುತ್ತದೆ.

ಕರ್ನಾಟಕದ ಕಾಡಿಗೂ ಈ ಕಥೆಗೂ ಇದಕ್ಕಿಂತ ಆಳವಾದ ನಂಟಿದೆ. ಫ್ರೆಟ್‌ಬೋರ್ಡಿಗೆ ಬೆರಳು ಉಜ್ಜಿದರೂ ಸವೆಯದ ಗಟ್ಟಿ ಮರ ಬೇಕು. ಬ್ರೆಜಿಲ್ಲಿನ ರೋಸ್‌ವುಡ್ ಅಪರೂಪವಾಗುತ್ತ ಬಂದಂತೆ ತಯಾರಕರು ಭಾರತದ ರೋಸ್‌ವುಡ್ಡಿನತ್ತ ತಿರುಗಿದರು. 1992ರಲ್ಲಿ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರವೇ ನಿಷೇಧವಾಯಿತು. ಭಾರತದ ರೋಸ್‌ವುಡ್ ಎಂದರೆ ನಮ್ಮ ಬೀಟೆ. ಮೈಸೂರಿನ ಕುಸುರಿ ಕೆಲಸದವರು ಹುದುಗು ಚಿತ್ರಗಳಿಗೆ ಬಳಸುವ, ಮಲೆನಾಡು ಕೊಡಗಿನ ಕಾಡು ತೋಟಗಳಲ್ಲಿ ಬೆಳೆಯುವ ಅದೇ ಕಪ್ಪು ನೇರಳೆ ತಿರುಳಿನ ಮರ. 2017ರ ಜನವರಿ 2ರಿಂದ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳ ಮೇಲೆ, ಅಪಾಯದಂಚಿನ ಸಸ್ಯ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ನಿಯಂತ್ರಣ ಬಂತು. ಗಡಿ ದಾಟುವ ಸಾಗಣೆಗೆ ಅನುಮತಿ ಪತ್ರ ಬೇಕಾಯಿತು, ಫೆಂಡರ್ ಕಂಪನಿ ಮೆಕ್ಸಿಕೊದಲ್ಲಿ ಮಾಡುವ ಗಿಟಾರುಗಳಿಗೆ ಪೌ ಫೆರೊ ಎಂಬ ಬೇರೆ ಮರ ಹಾಕತೊಡಗಿತು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೂ ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು. ಹೊರದೇಶದ ಹವ್ಯಾಸಿ ತಾನೇ ಕೊಯ್ದು, ಕೀಸಿ, ಗೀರು ಹಾಕಿಕೊಳ್ಳಲು ತರಿಸುವ ಕಚ್ಚಾ ಹಲಗೆಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ.