ಅಂಡವಾಯುವಿನ ನಡುಪಟ್ಟಿ

ರಾಜರ ಕಿರೀಟಕ್ಕೂ ವೀರರ ಖಡ್ಗಕ್ಕೂ ಚರಿತ್ರೆಯಲ್ಲಿ ಸ್ಥಾನವುಂಟು. ದುಡಿಯುವ ಬಡವನು ಧೋತರದ ಒಳಗೆ ಯಾರಿಗೂ ಕಾಣದಂತೆ ಕಟ್ಟಿಕೊಂಡ ಪಟ್ಟಿಯೊಂದಕ್ಕೆ ಅಲ್ಲಿ ಸ್ಥಾನವಿದೆಯೇ ಎಂದು ಯಾರಾದರೂ ಕೇಳಿದರೆ, ಇರತಕ್ಕದ್ದೆಂದೇ ನಾನು ಹೇಳುವೆನು. ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡಿರುವ ವಿಷಯ ಅಂಥ ಒಂದು ಪಟ್ಟಿ. ಇಂಗ್ಲಿಷರು ಅದನ್ನು ಟ್ರಸ್ ಎನ್ನುವರು. ನಮ್ಮ ಔಷಧದ ಅಂಗಡಿಗಳಲ್ಲಿ ಅದು ಹರ್ನಿಯಾ ಬೆಲ್ಟ್ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ಹತ್ತು ಜನರ ಮುಂದೆ ಆಡಲು ಸಂಕೋಚವಾಗುವ ಮಾತು ಇದೆಂದು ಕೆಲವರಿಗೆ ತೋರಬಹುದು. ಆದರೆ ಆ ಸಂಕೋಚವೇ ಎಷ್ಟೋ ಜನರ ಪ್ರಾಣಕ್ಕೆ ಎರವಾಗಿರುವುದರಿಂದ, ಮುಚ್ಚಿಡದೆ ಆಡುವುದೇ ಮೇಲು.

ಗದಗಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟವರಿಗೆ ಹಾದಿಯಲ್ಲಿ ಹುಲಕೋಟಿ ಸಿಗುತ್ತದೆ. ಸುತ್ತಲೂ ಎರೆಯ ಭೂಮಿ. ಜೋಳವೂ ಹತ್ತಿಯೂ ಬೆಳೆಯುವ ಸೀಮೆ. 1840ರ ದಶಕದಲ್ಲಿ ಕಂಪನಿ ಸರ್ಕಾರದವರು ಅಮೆರಿಕದ ಹತ್ತಿಯ ಬೀಜವನ್ನು ಧಾರವಾಡ ಪ್ರಾಂತ್ಯದಲ್ಲಿ ಬಿತ್ತಿಸಿದರು. 1884ರ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆ ಗದಗನ್ನು ಮುಟ್ಟಿತು. ಮುಂದೆ ಹತ್ತಿಯನ್ನು ಹಿಂಜುವ, ಅರಳೆಯನ್ನು ಒತ್ತುವ ಗಿರಣಿಗಳು ಬಂದುವು. ಮುಂಬಯಿಯ ಪೇಟೆಯ ಲೆಕ್ಕದಲ್ಲಿ ಒತ್ತಿದ ಅರಳೆಯ ಒಂದು ಅಂಡಿಗೆಯ ತೂಕ 392 ಪೌಂಡು. ಅಡತಿ ಅಂಗಡಿಯಿಂದ ಬಂಡಿಗೆ, ಬಂಡಿಯಿಂದ ರೈಲಿಗೆ ಅಂಥ ಅಂಡಿಗೆಗಳನ್ನು ಉರುಳಿಸಿ, ಎತ್ತಿ, ಒಟ್ಟಿದವರು ಹಮಾಲರು. ಹತ್ತಿಯ ಚರಿತ್ರೆಯನ್ನು ಬರೆದವರು ಧಾರಣೆಗಳನ್ನು ಬರೆದಿಟ್ಟರು. ಹಮಾಲರ ಹೊಟ್ಟೆಯ ಭಿತ್ತಿಯ ಮೇಲೆ ಬಿದ್ದ ಒತ್ತಡವನ್ನು ಬರೆದವರು ವಿರಳ.

ವ್ಯಾಧಿಯ ಸ್ವರೂಪ ಇಷ್ಟು. ಗಂಡುಶಿಶು ಗರ್ಭದಲ್ಲಿರುವಾಗ ವೃಷಣಗಳು ಹೊಟ್ಟೆಯೊಳಗಿಂದ ಕೆಳಕ್ಕಿಳಿಯುತ್ತವೆ. ಅವು ಇಳಿದ ದಾರಿ ತೊಡೆಯ ಸಂದಿನಲ್ಲಿ ಒಂದು ದುರ್ಬಲ ಸ್ಥಾನವಾಗಿ ಉಳಿಯುತ್ತದೆ. ಕೆಲವರಲ್ಲಿ ಆ ದಾರಿ ಹುಟ್ಟಿನಿಂದಲೇ ಸರಿಯಾಗಿ ಮುಚ್ಚಿರುವುದಿಲ್ಲ. ಕೆಲವರಲ್ಲಿ ವಯಸ್ಸಿನಿಂದ ಸ್ನಾಯುಗಳು ಸಡಿಲುತ್ತವೆ. ಬಹುಕಾಲದ ಕೆಮ್ಮು, ಮಲಬದ್ಧತೆಯ ತಿಣುಕು, ಭಾರದ ದುಡಿಮೆ ಇವುಗಳಿಂದ ಒಳಗಿನ ಒತ್ತಡ ಹೆಚ್ಚಿದಾಗ ಕರುಳಿನ ಒಂದು ಸುತ್ತು ಆ ದಾರಿಯಲ್ಲಿ ಹೊರಕ್ಕೆ ನುಗ್ಗಿ ಗಂಟಾಗಿ ತೋರುತ್ತದೆ. ಮಲಗಿದರೆ ಒಳಗೆ ಹೋಗುವುದು, ಎದ್ದು ನಿಂತರೆ ಹೊರಗೆ ಬರುವುದು. ಇದನ್ನೇ ನಮ್ಮ ಜನರು ಅಂಡವಾಯು ಎಂದು ಕರೆದರು. ಸ್ತ್ರೀಯರಿಗೂ ಇದು ಬರುವುದುಂಟು. ತೊಡೆಯ ಮೇಲುಭಾಗದಲ್ಲಿ ಬರುವ ಒಂದು ಬಗೆ ಅವರಲ್ಲಿಯೇ ಹೆಚ್ಚು, ಮತ್ತು ಅದು ಬೇಗನೆ ಅಪಾಯಕ್ಕೆ ತಿರುಗತಕ್ಕದ್ದು.

ನಮ್ಮ ಪ್ರಾಚೀನರು ಇದನ್ನು ಚೆನ್ನಾಗಿ ಅರಿತಿದ್ದರು. ಸುಶ್ರುತಸಂಹಿತೆಯಲ್ಲಿ ವೃದ್ಧಿರೋಗವನ್ನು ಏಳು ವಿಧವಾಗಿ ವಿಂಗಡಿಸಿದೆ; ಅವುಗಳಲ್ಲಿ ಒಂದು ಅಂತ್ರವೃದ್ಧಿ. ಭಾರ ಹೊರುವುದು, ತನಗಿಂತ ಬಲಿಷ್ಠನೊಡನೆ ಹೋರುವುದು, ಮರದಿಂದ ಬೀಳುವುದು ಇವೇ ಮುಂತಾದುವು ಅದರ ಕಾರಣಗಳೆಂದು ಹೇಳಿದೆ. ಊತವನ್ನು ಒತ್ತಿದರೆ ಶಬ್ದಮಾಡುತ್ತ ಮೇಲಕ್ಕೆ ಸರಿಯುವುದೆಂದೂ, ಬಿಟ್ಟರೆ ಮತ್ತೆ ಉಬ್ಬುವುದೆಂದೂ ಹೇಳಿರುವ ಲಕ್ಷಣ ಇಂದಿನ ವೈದ್ಯನಿಗೂ ಸಮ್ಮತವಾದುದು. ಕರುಳು ವೃಷಣಕೋಶಕ್ಕೆ ಇಳಿಯುವ ಮುನ್ನ ತೊಡೆಸಂದಿನಲ್ಲಿ ಅರ್ಧಚಂದ್ರದ ಮೊನೆಯ ಶಲಾಕೆಯಿಂದ ಸುಡಬೇಕೆಂಬುದು ಅಲ್ಲಿಯ ಚಿಕಿತ್ಸೆ. ಸುಟ್ಟ ಗಾಯ ಮಾಯುವಾಗ ಬಿಗಿದುಕೊಂಡು ದಾರಿಯನ್ನು ಮುಚ್ಚಲೆಂಬುದು ಇದರ ಹಿಂದಿನ ಯುಕ್ತಿಯಾಗಿರಬೇಕು. ಕರುಳು ಕೆಳಗಿಳಿದ ಮೇಲಿನ ಸ್ಥಿತಿಯನ್ನು ಅಸಾಧ್ಯವೆಂದು ಒಪ್ಪಿಕೊಂಡಿರುವುದು ಆ ಗ್ರಂಥದ ಸತ್ಯನಿಷ್ಠೆಗೆ ಸಾಕ್ಷಿ. ಅದೇ ಸಂಹಿತೆಯಲ್ಲಿ ಹದಿನಾಲ್ಕು ಬಗೆಯ ಕಟ್ಟುಗಳ ವರ್ಣನೆಯೂ ಇದೆ.

ಶಾಸ್ತ್ರದ ಮಾತು ಹಾಗಿರಲಿ. ಶ್ರಮಕ್ಕೆ ಮೊದಲು ನಡುವನ್ನು ಬಿಗಿಯಬೇಕೆಂಬ ತಿಳಿವಳಿಕೆ ನಮ್ಮ ಮಾತಿನಲ್ಲಿಯೇ ನೆಲೆಸಿದೆ. ದೊಡ್ಡ ಕೆಲಸಕ್ಕೆ ಹೊರಟವನನ್ನು 'ಟೊಂಕ ಕಟ್ಟಿ ನಿಂತನು' ಎನ್ನುತ್ತೇವೆ. ಗರಡಿಯ ಪೈಲವಾನನು ಲಂಗೋಟಿಯನ್ನು ಬಿಗಿಯದೆ ಅಖಾಡಕ್ಕೆ ಇಳಿಯನು. ಹೊರೆಯಾಳು ರುಮಾಲನ್ನು ಸೊಂಟಕ್ಕೆ ಸುತ್ತದೆ ಮೂಟೆಗೆ ಕೈಹಚ್ಚನು. ಈ ಕಟ್ಟುಗಳು ರೋಗಕ್ಕೆಂದು ಹುಟ್ಟಿದುವಲ್ಲ. ಆದರೂ ರೋಗ ಬಂದಾಗ ಬಡವನ ಕೈ ಮೊದಲು ಹೋಗುವುದು ತನ್ನಲ್ಲಿರುವ ಬಟ್ಟೆಗೇ ಅಲ್ಲವೇ?

ಪಶ್ಚಿಮದೇಶಗಳಲ್ಲಿಯೂ ಮೊದಲ ಪಟ್ಟಿ ಬಟ್ಟೆಯದೇ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮನರ ಗ್ರಂಥಕಾರ ಸೆಲ್ಸಸ್ ಎಂಬಾತನು, ಚಿಂದಿಗಳಿಂದ ಮಾಡಿದ ಉಂಡೆಯನ್ನು ಪಟ್ಟಿಗೆ ಹೊಲಿದು, ಕರುಳು ಹೊರಬೀಳುವ ಜಾಗದ ಮೇಲೆ ಕೂರುವಂತೆ ಮಕ್ಕಳಿಗೆ ಕಟ್ಟುವ ವಿಧಾನವನ್ನು ಬರೆದಿಟ್ಟನು. ಮುಂದಿನ ಶತಮಾನಗಳಲ್ಲಿ ಬಟ್ಟೆಯ ಜಾಗಕ್ಕೆ ಕಬ್ಬಿಣವೂ ತೊಗಲೂ ಬಂದುವು. ಆ ಕಾಲದಲ್ಲಿ ಊರೂರು ಅಲೆದು ಅಂಡವಾಯುವನ್ನು ಕೊಯ್ಯುವ ಜನರಿದ್ದರು. ಅವರು ರೋಗದೊಡನೆ ವೃಷಣವನ್ನೂ ತೆಗೆದುಬಿಡುತ್ತಿದ್ದರು. 16ನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರಾಸ್ ಪಾರೆ ಅದನ್ನು ಖಂಡಿಸಿ, ಪಟ್ಟಿಗಳ ಚಿತ್ರಗಳನ್ನು ತನ್ನ ಗ್ರಂಥದಲ್ಲಿ ಅಚ್ಚುಹಾಕಿಸಿದನು. ಕೊಯ್ತಕ್ಕಿಂತ ಕಟ್ಟೇ ಲೇಸೆಂಬುದು ಆ ಕಾಲಕ್ಕೆ ವಿವೇಕದ ಮಾತಾಗಿದ್ದಿತು.

ಗಟ್ಟಿಯಾದ ಕಬ್ಬಿಣದ ಪಟ್ಟಿಗೆ ಒಂದು ದೋಷವಿದ್ದಿತು. ಮನುಷ್ಯನ ಹೊಟ್ಟೆ ಉಸಿರಿಗೊಮ್ಮೆ ಏರಿಳಿಯುತ್ತದೆ, ಕಬ್ಬಿಣ ಏರಿಳಿಯದು. ಬಿಗಿದರೆ ನೋವು, ಸಡಿಲಿಸಿದರೆ ವ್ಯರ್ಥ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸಿನ ನಿಕೊಲಾ ದ ಬ್ಲೆನ್ಯಿ ಎಂಬಾತನು ಬಾಗಿ ಮರಳುವ ಉಕ್ಕಿನ ಸ್ಪ್ರಿಂಗನ್ನು ಬಳಕೆಗೆ ತಂದನು. 18ನೆಯ ಶತಮಾನದಲ್ಲಿ ಡಚ್ ವಿದ್ವಾಂಸ ಪೆಟ್ರುಸ್ ಕಾಂಪರ್ ಸ್ಪ್ರಿಂಗಿನ ಆಕಾರವನ್ನು ಸೊಂಟದ ಆಕಾರಕ್ಕೆ ಹೊಂದಿಸಿದನು. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರಾಬರ್ಟ್ ಸಾಲ್ಮನ್ ಮೆತ್ತೆಯನ್ನು ಗೋಳದಂಥ ಕೀಲಿನ ಮೇಲೆ ಕೂರಿಸಿ, ದೇಹ ಹೊರಳಿದಂತೆ ಅದೂ ಹೊರಳುವಂತೆ ಮಾಡಿದನು. ಈತನು ವೈದ್ಯನಲ್ಲ, ವೋಬರ್ನಿನಲ್ಲಿ ಬೆಡ್‌ಫರ್ಡ್ ಡ್ಯೂಕನ ಜಮೀನುಗಳ ಕೆಲಸ ನೋಡಿಕೊಂಡು, ಒಕ್ಕಲುತನದ ಯಂತ್ರಗಳನ್ನು ಕಲ್ಪಿಸುತ್ತಿದ್ದವನು. ಹೊಲದ ಯಂತ್ರವನ್ನು ತಿದ್ದಿದ ಕೈಯೇ ಮನುಷ್ಯನ ಪಟ್ಟಿಯನ್ನೂ ತಿದ್ದಿತೆಂಬುದು ಗಮನಾರ್ಹವಾಗಿದೆ.

ಪಟ್ಟಿಯ ರಚನೆ ಸರಳವಾದುದು. ಸೊಂಟವನ್ನು ಬಳಸುವ ಪಟ್ಟಿ ಅಥವಾ ಸ್ಪ್ರಿಂಗು ಒಂದು. ರಂಧ್ರವನ್ನು ಒತ್ತಿ ಹಿಡಿಯುವ ಮೆತ್ತೆ ಎರಡನೆಯದು. ಮೆತ್ತೆ ಮೇಲಕ್ಕೆ ಜಾರದಂತೆ ತೊಡೆಯ ಕೆಳಗಿನಿಂದ ಎಳೆದು ಕಟ್ಟುವ ತೊಡೆಪಟ್ಟಿ ಮೂರನೆಯದು. ಕೊಂಡಿಯಿಂದಲೋ ತಿರುಪಿನಿಂದಲೋ ಬಿಗಿತವನ್ನು ಹೆಚ್ಚುಕಡಿಮೆ ಮಾಡಬಹುದು. ಕಟ್ಟುವ ಕ್ರಮ ಮಾತ್ರ ತಪ್ಪಬಾರದು. ಮೊದಲು ಅಂಗಾತ ಮಲಗಿ ಕರುಳು ಪೂರ್ತಿ ಒಳಗೆ ಸರಿದ ಮೇಲೆಯೇ ಕಟ್ಟಬೇಕು. ಬೆಳಗ್ಗೆ ಹಾಸಿಗೆಯಿಂದ ಏಳುವ ಮುನ್ನ ಕಟ್ಟಿ, ರಾತ್ರಿ ಮಲಗಿದ ಮೇಲೆ ಬಿಚ್ಚುವುದು ರೂಢಿ. ಹೊರಗಿರುವ ಕರುಳಿನ ಮೇಲೆಯೇ ಮೆತ್ತೆಯನ್ನು ಬಿಗಿದರೆ ರಕ್ಷಿಸಬೇಕಾದ ಸಾಧನವೇ ಕರುಳನ್ನು ಜಜ್ಜುವುದು. ವರ್ಷಗಟ್ಟಲೆ ಒತ್ತಿದಲ್ಲಿ ಚರ್ಮ ಹುಣ್ಣಾಗುವುದೂ, ಒಳಗಿನ ಪೊರೆಗಳು ಅಂಟಿಕೊಂಡು ಮುಂದಿನ ಶಸ್ತ್ರಕ್ರಿಯೆ ಕಠಿಣವಾಗುವುದೂ ಉಂಟು.

ಇಷ್ಟಾದರೂ ಒಳ್ಳೆಯ ಪಟ್ಟಿಗೆ ಬೆಲೆ ತೆರಬೇಕಾಗಿತ್ತು. ಭಾರ ಎತ್ತಿ ಬದುಕುವವನಿಗೆ ಅದರ ಅಗತ್ಯ ಹೆಚ್ಚು, ಕೊಳ್ಳುವ ಶಕ್ತಿ ಕಡಮೆ. ಈ ವಿರೋಧವನ್ನು ಕಂಡ ಲಂಡನ್ನಿನ ಕೆಲವರು 1807ರಲ್ಲಿ ಸಿಟಿ ಆಫ್ ಲಂಡನ್ ಟ್ರಸ್ ಸೊಸೈಟಿ ಎಂಬ ಸಂಘವನ್ನು ಸ್ಥಾಪಿಸಿ ಬಡವರಿಗೆ ಪಟ್ಟಿಗಳನ್ನು ಹಂಚತೊಡಗಿದರು. ಅದು ಉಪಕಾರದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪಟ್ಟಿ ಬೇಕಾದವನು ಚಂದಾದಾರನಾದ ಒಬ್ಬ ಸಿರಿವಂತನಿಂದ ಶಿಫಾರಸಿನ ಪತ್ರವನ್ನು ಪಡೆದು ತರಬೇಕಾಗಿದ್ದಿತು. ಹೇಳಿಕೊಳ್ಳಲು ನಾಚುವ ವ್ಯಾಧಿಯನ್ನು ಪರರ ಬಾಗಿಲಲ್ಲಿ ಹೇಳಿಕೊಂಡು, ಕೈಯೊಡ್ಡಿ ಬೇಡಿ ಪಡೆಯತಕ್ಕ ಪಟ್ಟಿಯದು.

ಇತ್ತ ಹಣವುಳ್ಳವರಿಗಾಗಿ ವ್ಯಾಪಾರಿಗಳು ಮತ್ತೊಂದು ಹಾದಿಯನ್ನು ತೆರೆದರು. ಪಟ್ಟಿ ಕಟ್ಟಿಕೊಂಡರೆ ರೋಗವೇ ಗುಣವಾಗುವುದೆಂಬ ಜಾಹೀರಾತುಗಳು ಪತ್ರಿಕೆಗಳಲ್ಲಿ ತುಂಬಿದುವು. ಅಂಚೆಯ ಮೂಲಕ, ಗುಟ್ಟಾಗಿ, ವೈದ್ಯನ ಮುಖವನ್ನೇ ನೋಡದೆ ತರಿಸಿಕೊಳ್ಳಬಹುದೆಂಬುದೇ ಅವುಗಳ ಆಕರ್ಷಣೆ. ಬೆಳೆದ ಮನುಷ್ಯನಲ್ಲಿ ಪಟ್ಟಿ ಕರುಳನ್ನು ತಡೆದು ಹಿಡಿಯಬಲ್ಲದು, ಬಿರುಕನ್ನು ಮುಚ್ಚಲಾರದು. ತಡೆಯುವುದನ್ನು ಗುಣಪಡಿಸುವುದೆಂದು ನಂಬಿಸಿದ್ದೇ ಈ ಸಾಧನದ ಚರಿತ್ರೆಯಲ್ಲಿ ದೊಡ್ಡ ಕಳಂಕ.

ಬಿರುಕನ್ನು ಮುಚ್ಚುವ ವಿದ್ಯೆ ಹುಟ್ಟಬೇಕಾದರೆ 1846ರಲ್ಲಿ ಜಗತ್ತಿಗೆ ತಿಳಿದ ಈಥರಿನ ಅರಿವಳಿಕೆಯೂ, 1867ರಲ್ಲಿ ಲಿಸ್ಟರನು ಪ್ರಕಟಿಸಿದ ಕ್ರಿಮಿನಾಶಕ ವಿಧಾನವೂ ಬರಬೇಕಾಯಿತು. ಗದಗಿನ ಸೀಮೆಗೆ ರೈಲು ಬಂದ ಆ 1884ರಲ್ಲಿಯೇ ಇಟಲಿಯ ಪಾದುವಾ ನಗರದಲ್ಲಿ ಎದುಆರ್ದೊ ಬಸ್ಸೀನಿ ಎಂಬ ಶಸ್ತ್ರವೈದ್ಯನು ತೊಡೆಸಂದಿನ ಭಿತ್ತಿಯನ್ನು ಪದರಪದರವಾಗಿ ಹೊಲಿದು ಕಟ್ಟುವ ಕ್ರಮವನ್ನು ಆರಂಭಿಸಿದನು. ಮುಂದಿನ ವರ್ಷಗಳಲ್ಲಿ ಅವನು ಪ್ರಕಟಿಸಿದ ಫಲಿತಾಂಶಗಳು ವೈದ್ಯಲೋಕವನ್ನು ಬೆರಗುಗೊಳಿಸಿದುವು. ಅಂದಿನಿಂದ ಪಟ್ಟಿಯ ಸ್ಥಾನ ಇಳಿಯುತ್ತ ಬಂದಿತು. ನೂರು ವರ್ಷಗಳ ಮೇಲೆ, 1980ರ ದಶಕದಲ್ಲಿ, ಅಮೆರಿಕದ ಇರ್ವಿಂಗ್ ಲಿಖ್ಟೆನ್‌ಸ್ಟೈನ್ ಎಂಬಾತನು ಸ್ನಾಯುಗಳನ್ನು ಎಳೆದು ಹೊಲಿಯುವ ಬದಲಾಗಿ ಬಿರುಕಿನ ಮೇಲೆ ಪ್ಲಾಸ್ಟಿಕ್ ನೂಲಿನ ಜಾಲರಿಯನ್ನು ಹಾಸಿ ಹೊಲಿಯುವುದನ್ನು ಪ್ರಚಾರಕ್ಕೆ ತಂದನು. ಹೊರಗೆ ಕಟ್ಟುತ್ತಿದ್ದ ಬಟ್ಟೆ ಈಗ ಒಳಗೆ ಸೇರಿತು.

ಬೆಲೆಯ ತೊಡಕು ಮಾತ್ರ ಇಲ್ಲಿಯೂ ಬೆನ್ನುಬಿಡಲಿಲ್ಲ. ಕಂಪನಿಗಳ ಜಾಲರಿ ಹಳ್ಳಿಯ ರೋಗಿಗೆ ದುಬಾರಿ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯ ಡಾಕ್ಟರ್ ಟೊಂಗಾಂವಕರರೂ ಅವರ ಸಹೋದ್ಯೋಗಿಗಳೂ ಸೊಳ್ಳೆಯ ಪರದೆಯ ಬಟ್ಟೆಯನ್ನು ಶುದ್ಧಿಗೊಳಿಸಿ ಅದೇ ಕೆಲಸಕ್ಕೆ ಬಳಸಿ, 2003ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. 2016ರಲ್ಲಿ ಆಫ್ರಿಕದ ಉಗಾಂಡದಿಂದ ಪ್ರಕಟವಾದ, 302 ಪುರುಷರ ಮೇಲೆ ನಡೆದ ಪರೀಕ್ಷೆಯಲ್ಲಿ, ಅಂಥ ಅಗ್ಗದ ಜಾಲರಿ ದುಬಾರಿಯ ಜಾಲರಿಗೆ ಏನೂ ಕಡಮೆಯಲ್ಲವೆಂದು ಕಂಡುಬಂದಿತು.

ಸೆಲ್ಸಸನ ಚಿಂದಿಯ ಉಂಡೆಯಿಂದ ಸೊಳ್ಳೆಯ ಪರದೆಯವರೆಗಿನ ಈ ದೀರ್ಘ ಕಥೆಯಲ್ಲಿ ಪ್ರಶ್ನೆ ಎರಡು ಮುಖವಾಗಿ ಕಾಣುತ್ತದೆ. ಕರುಳನ್ನು ಒಳಗಿಡುವುದು ಹೇಗೆಂಬುದು ಒಂದು. ಆ ಉಪಾಯ ಭಾರ ಹೊರುವವನ ಕೈಗೆ ಮುಟ್ಟುವುದು ಹೇಗೆಂಬುದು ಇನ್ನೊಂದು. ಮೊದಲನೆಯದಕ್ಕೆ ವಿಜ್ಞಾನ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಉತ್ತರದ ಬೀಜ ಹುಲಕೋಟಿಯ ಸೀಮೆಯಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ. 1904ರಲ್ಲಿ ಸಹಕಾರಿ ಸಂಘಗಳ ಶಾಸನವಾದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಮುಂದೆ ಹುಲಕೋಟಿಯವರೇ ಆದ ಕೆ. ಎಚ್. ಪಾಟೀಲರ ಮುಂದಾಳ್ತನದಲ್ಲಿ ಆ ಊರಿನಲ್ಲಿ ಸಹಕಾರಿ ನೂಲಿನ ಗಿರಣಿಯೂ ಎದ್ದಿತು. ಆ ಸಹಕಾರದ ಮಾರ್ಗ 21ನೆಯ ಶತಮಾನದಲ್ಲಿ ಆಸ್ಪತ್ರೆಯ ಬಾಗಿಲನ್ನೂ ಮುಟ್ಟಿತು. 2003ರಲ್ಲಿ ಕಾರ್ಯಾರಂಭಮಾಡಿದ ಯಶಸ್ವಿನಿ ಯೋಜನೆಯಲ್ಲಿ ಕರ್ನಾಟಕದ ಸಹಕಾರಿ ಸಂಘಗಳ ರೈತಸದಸ್ಯನೊಬ್ಬನು ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಕ್ರಿಯೆಗೆ ಅರ್ಹನಾದನು. ಮೊದಲ ವರ್ಷವೇ ಸುಮಾರು 16 ಲಕ್ಷ ಜನರು ಸೇರಿದರು. 2018ರಲ್ಲಿ ಬೇರೊಂದು ಯೋಜನೆಯಲ್ಲಿ ಅಡಗಿಹೋದ ಅದು ಕೆಲವು ವರ್ಷಗಳ ತರುವಾಯ ಮತ್ತೆ ಜಾರಿಗೆ ಬಂದಿತು. ಲಂಡನ್ನಿನ ಸಂಘದಲ್ಲಿ ರೋಗಿ ಶಿಫಾರಸಿನ ಪತ್ರ ಹಿಡಿದು ನಿಂತಿದ್ದನು. ಇಲ್ಲಿ ತನ್ನ ಪಾಲಿನ ರಸೀದಿ ಹಿಡಿದು ನಿಂತನು. ಒಂದು ದಾನ, ಮತ್ತೊಂದು ಹಕ್ಕು. ಎರಡರ ಅಂತರವನ್ನು ಬಡವನಷ್ಟು ಚೆನ್ನಾಗಿ ಬಲ್ಲವರಿಲ್ಲ.

ಪಟ್ಟಿಯನ್ನು ಇನ್ನು ಎಸೆದುಬಿಡಬೇಕೇ ಎಂದರೆ ಹಾಗೂ ಅಲ್ಲ. ಶಸ್ತ್ರಕ್ರಿಯೆಗೆ ದೇಹಸ್ಥಿತಿ ಒಗ್ಗದ ವೃದ್ಧರಿಗೆ, ಸರದಿಗಾಗಿ ಕಾಯುವವರಿಗೆ, ವೈದ್ಯನು ಅಳತೆ ನೋಡಿ ಕಟ್ಟಿಸಿದರೆ ಅದು ಕೆಲವು ಕಾಲ ನೆರವಾಗಬಲ್ಲದು. ತೊಂದರೆ ಕೊಡದ ಅಥವಾ ಅತ್ಯಲ್ಪ ತೊಂದರೆ ಕೊಡುವ ಗಂಟಿದ್ದ 720 ಪುರುಷರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಂಥವರು ವೈದ್ಯನ ಕಣ್ಣಳತೆಯಲ್ಲಿದ್ದು ಕಾಯಬಹುದೆಂದೂ ತಿಳಿದುಬಂದಿದೆ. ಆದರೆ ಕಾಯುವುದು ಬೇರೆ, ಮುಚ್ಚಿಡುವುದು ಬೇರೆ. ಗಂಟು ಒಳಗೆ ಹೋಗದೆ ನಿಂತು, ನೋವು ಹೆಚ್ಚಿ, ವಾಂತಿಯಾಗತೊಡಗಿದರೆ ಕರುಳಿಗೆ ರಕ್ತ ನಿಂತಿತೆಂದು ಶಂಕಿಸಿ ಆ ಗಳಿಗೆಯೇ ಆಸ್ಪತ್ರೆಗೆ ಧಾವಿಸಬೇಕು. ಆಗ ಪಟ್ಟಿಯನ್ನು ಹುಡುಕುತ್ತ ಕೂಡುವುದು ಮೃತ್ಯುವಿಗೆ ಹಾದಿ ತೋರಿದಂತೆ. ಅರಳೆಯನ್ನು ಹೊತ್ತು ನಾಡಿಗೆ ಬಟ್ಟೆ ಕೊಟ್ಟವನು ತನ್ನ ನೋವನ್ನು ಮಾತ್ರ ಬಟ್ಟೆಯಲ್ಲಿ ಮುಚ್ಚಿಕೊಂಡು ಕೂರಬೇಕಾದ ಕಾಲ ಕಳೆದಿದೆ. ಅವನಿಗೆ ಈ ಮಾತನ್ನು ಮುಟ್ಟಿಸುವುದು ಅಕ್ಷರ ಬಲ್ಲ ನಮ್ಮೆಲ್ಲರ ಹೊಣೆ.