ಎದೆ ಉರಿ ಎಂಬ ಮಾತಿನ ಅರ್ಥ

ಮನೋವೈದ್ಯರು ರೋಗಿಯನ್ನು ಮಾತನಾಡಿಸುವ ಕ್ರಮ ನಮ್ಮ ನಾಡಿನಲ್ಲಿ ಹೇಗೆ ಬೆಳೆಯಿತು ಎಂಬುದನ್ನು ಇವತ್ತು ಸ್ವಲ್ಪ ಹೇಳುತ್ತೇನೆ. ನಾನು ಡಾಕ್ಟರಲ್ಲ. ಮೆಟ್ರಿಕ್ ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಈ ವಿಷಯದ ಕಡೆ ನನ್ನನ್ನು ತಿರುಗಿಸಿದ್ದು ನಾನೇ ಮಾಡಿದ ಒಂದು ತಪ್ಪು.

ಬಹಳ ವರ್ಷದ ಹಿಂದೆ ನಮ್ಮ ದೊಡ್ಡವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಿಗೆ ಕನ್ನಡ ಬಾರದು. ದೊಡ್ಡವ್ವನಿಗೆ ಬರುತ್ತಿದ್ದದ್ದು ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ತಮಿಳು ಮಾತ್ರ. "ಎದೆ ಒಳಗೆ ಉರೀತದೆ ಮಗ, ತಲೆ ಒಳಗೆ ಇರುವೆ ಹರಿದಂಗಾಯ್ತದೆ" ಎಂದಳು. ನಾನು "ನೆಂಜು ಎರಿಚ್ಚಲ್, ತಲೈವಲಿ" ಎಂದು ಎರಡೇ ಮಾತಿನಲ್ಲಿ ಮುಗಿಸಿದೆ. ಡಾಕ್ಟರು ಹೊಟ್ಟೆಯ ಆಮ್ಲಕ್ಕೆ ಮಾತ್ರೆ ಕೊಟ್ಟರು. ಅವರ ತಪ್ಪೇನಿಲ್ಲ, ನಾನು ಹೇಳಿದ್ದಕ್ಕೆ ಸರಿಯಾದ ಮಾತ್ರೆಯೇ ಅದು. ಕೆಲವು ತಿಂಗಳಾದ ಮೇಲೆ ಕನ್ನಡ ಬಲ್ಲ ಇನ್ನೊಬ್ಬ ವೈದ್ಯರು ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು, "ಅವ್ವಾ, ರಾತ್ರಿ ನಿದ್ದೆ ಬತ್ತದಾ? ಊಟ ರುಚಿಸ್ತದಾ?" ಎಂದು ಕೇಳಿದರು. ಆಗ ಹೊರಗೆ ಬಂತು ಮಗ ತೀರಿಕೊಂಡ ಸಂಕಟ. ಬಾವಿಯ ಕಡೆ ಹೋಗಿ ನಿಂತು ಹಿಂದಿರುಗಿದ್ದೂ ಬಂತು. ಅದು ಖಿನ್ನತೆಯ ಕಾಯಿಲೆ. ಮನೆಯವನಾಗಿ ಜೊತೆಯಲ್ಲೇ ಕುಳಿತಿದ್ದ ನನಗೆ ಅದು ತಿಳಿದಿರಲಿಲ್ಲ.

ಮನಸ್ಸಿನ ಕಾಯಿಲೆಗೆ ಹೆಚ್ಚಿನ ಪಾಲು ರಕ್ತಪರೀಕ್ಷೆಯಾಗಲಿ ಎಕ್ಸ್‌ರೇಯಾಗಲಿ ಇಲ್ಲ. ಮಾತುಕತೆಯೇ ಪರೀಕ್ಷೆ. ಇದನ್ನು ಮನಃಸ್ಥಿತಿ ಪರೀಕ್ಷೆ ಎನ್ನುತ್ತಾರೆ. ರೋಗಿಯ ಉಡುಗೆ, ನಡವಳಿಕೆ, ಮಾತಿನ ಓಟ, ಮುಖದ ಭಾವ, ಯೋಚನೆಯ ಜಾಡು ಇವನ್ನೆಲ್ಲ ಗಮನಿಸುತ್ತಾರೆ. ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತದೆಯೇ, ಇವತ್ತು ಯಾವ ದಿನ, ಇದು ಯಾವ ಊರು ಎಂದು ಕೇಳುತ್ತಾರೆ. 100ರಿಂದ ಏಳೇಳು ಕಳೆಯುತ್ತ ಬರಲು ಹೇಳುತ್ತಾರೆ. ಒಂದು ಗಾದೆಯ ಅರ್ಥ ಕೇಳುತ್ತಾರೆ. ಕೊನೆಗೆ, ತನಗೆ ಕಾಯಿಲೆ ಇದೆಯೆಂಬ ಅರಿವು ರೋಗಿಗೆ ಇದೆಯೇ ಎಂದು ನೋಡುತ್ತಾರೆ.

ಈ ಕ್ರಮ ರೂಪುಗೊಂಡದ್ದು ಯೂರೋಪು, ಅಮೆರಿಕಗಳಲ್ಲಿ. ಜರ್ಮನಿಯ ಕಾರ್ಲ್ ಯಾಸ್ಪರ್ಸ್ 1913ರ ತಮ್ಮ ಗ್ರಂಥದಲ್ಲಿ, ರೋಗಿಯ ಅನುಭವವನ್ನು ಅವನ ಕಡೆಯಿಂದಲೇ ಅರಿಯಬೇಕೆಂದು ಒತ್ತಿ ಹೇಳಿದರು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಇತ್ತು. ಅದರ ಜೊತೆಗೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ವೈದ್ಯರ ತರಬೇತಿ ನಮ್ಮಲ್ಲಿ ಬೆಳೆಯಿತು, ಆದರೆ ಪ್ರಶ್ನೆಗಳು ಬಹುಕಾಲ ಪರದೇಶದವೇ ಆಗಿದ್ದವು.

ಅವನ್ನು ನಮ್ಮ ಹಳ್ಳಿಗೆ ಹೊಂದಿಸುವ ದೊಡ್ಡ ಕೆಲಸವೊಂದು ನಡೆದದ್ದು ಶಿವರಾಮ ಕಾರಂತರು ಹುಟ್ಟಿದ ಕೋಟದಲ್ಲಿ. ಅದು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಈಗ ಉಡುಪಿ ಜಿಲ್ಲೆಗೆ ಸೇರಿದೆ. ಡಾ. ರವಿ ಕಪೂರ್ ಮತ್ತು ಡಾ. ಮಾರಿಸ್ ಕಾರ್‌ಸ್ಟೇರ್ಸ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಮನೆಮನೆಗಳನ್ನು ಅಧ್ಯಯನ ಮಾಡಿದರು. ಮಾಳವಿಕಾ ಕಪೂರ್ ಅವರೂ ಸೇರಿ ಭಾರತಕ್ಕೆಂದೇ ಸಿದ್ಧಪಡಿಸಿದ ಸಂದರ್ಶನ ಪ್ರಶ್ನಾವಳಿ 1974ರಲ್ಲಿ ಪ್ರಕಟವಾಯಿತು. ಕೋಟದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ನಮ್ಮ ಜನ ಮನಸ್ಸಿನ ನೋವನ್ನು ಮೈಯ ನೋವಾಗಿ ಹೇಳುತ್ತಾರೆ, ಮೈಮೇಲೆ ದೇವರು ದೆವ್ವ ಬರುವುದು ಇಲ್ಲಿ ಕಂಡು ಕೇಳಿದ ಸಂಗತಿ. ಪರದೇಶದ ಪ್ರಶ್ನಾವಳಿಯಲ್ಲಿ ಇವಕ್ಕೆ ಸರಿಯಾದ ಜಾಗವಿರಲಿಲ್ಲ. ಇವರು ಜಾಗ ಮಾಡಿಕೊಟ್ಟರು. ಕೋಟದಲ್ಲಿ ಜನ ಡಾಕ್ಟರ ಬಳಿಗೂ ಹೋಗುತ್ತಿದ್ದರು, ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುತ್ತಿದ್ದರು. ಕಪೂರರು ಅದನ್ನೂ ಹೀಯಾಳಿಸದೆ ಬರೆದಿಟ್ಟರು.

ನಮ್ಮ ಬೊಕ್ಕಾಪುರಂ ಮಾರಿಯಮ್ಮನ ಹಬ್ಬವನ್ನೇ ನೋಡಿ. ತಮಟೆ ಸದ್ದಿಗೆ ಒಬ್ಬಾಕೆಗೆ ಮೈಮೇಲೆ ಬಂದರೆ ಅದು ಕಾಯಿಲೆಯೆಂದು ನಾವು ಹೇಳುವುದಿಲ್ಲ. ಹಬ್ಬ ಮುಗಿದ ಮೇಲೆ ಆಕೆ ಎದ್ದು ಒಲೆ ಹಚ್ಚುತ್ತಾಳೆ. ಹಬ್ಬವಿಲ್ಲದ ದಿನವೂ ಬಂದು, ಊಟ ನಿದ್ದೆ ಕೆಟ್ಟು, ಮನೆಮಂದಿಯೇ ಹೆದರುವಂತಾದರೆ ಆ ಮಾತು ಬೇರೆ. ಈ ವ್ಯತ್ಯಾಸ ತಿಳಿಯಬೇಕಾದರೆ ಊರನ್ನೂ ಕೇಳಬೇಕು.

ಲೆಕ್ಕದ ಪ್ರಶ್ನೆಯೂ ಹಾಗೆಯೇ. ಶಾಲೆಯ ಮೆಟ್ಟಿಲು ಹತ್ತದವಳು 100ರಿಂದ 7 ಕಳೆಯಲಾರದಿದ್ದರೆ ಬುದ್ಧಿ ಮಂಕಾಗಿದೆ ಎಂದಲ್ಲ. ಅದಕ್ಕಾಗಿಯೇ ಹರಿಯಾಣದ ಬಲ್ಲಬ್‌ಗಢದಲ್ಲಿ ಅನಕ್ಷರಸ್ಥ ವೃದ್ಧರಿಗೆ ಒಪ್ಪುವಂತೆ ಮರೆವಿನ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ರೂಪಿಸಿ 1995ರಲ್ಲಿ ಪ್ರಕಟಿಸಿದರು. ಗಾದೆಯ ಮಾತೂ ಅಷ್ಟೆ. "ಮಿನ್ನುವದೆಲ್ಲಾಂ ಪೊನ್ನಲ್ಲ" ಎಂದು ಕೇಳಿದರೆ ತಡವರಿಸುವವಳು "ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದರೆ ಥಟ್ಟನೆ ಅರ್ಥ ಹೇಳಿಯಾಳು.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಎರಡು ಭಾಷೆಯ ನಡುವೆ ಬದುಕುವ ನಮಗೆ ಇದು ದೊಡ್ಡ ಹಕ್ಕು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡಬಹುದು.

ನಿಮ್ಮ ಮನೆಯವರ ಜೊತೆ ದುಭಾಷಿಯಾಗಿ ಹೋದಾಗ ನನ್ನ ಹಾಗೆ ಮಾಡಬೇಡಿ. ಅವರು ಹೇಳಿದ್ದನ್ನು ಇರುವೆಯ ಸಮೇತ, ಹೇಳಿದ ಹಾಗೆಯೇ ದಾಟಿಸಿ. ಅವರ ಪರವಾಗಿ ನೀವೇ ಉತ್ತರ ಕೊಡಬೇಡಿ. ಸ್ವಲ್ಪ ಹೊತ್ತು ಅವರನ್ನೂ ವೈದ್ಯರನ್ನೂ ಬಿಟ್ಟು ಹೊರಗಿರಿ. ದೊಡ್ಡವ್ವ ಆಮೇಲೆ ಗುಣವಾಗಿ ಹತ್ತು ವರ್ಷ ಬಾಳಿದಳು. "ನೀನು ಬ್ಯಾಂಕಿನವ, ನನ್ನ ಮಾತಿನಲ್ಲೂ ಉಳಿತಾಯ ಮಾಡಿದೆ" ಎಂದು ಆಗಾಗ ನಗುತ್ತಿದ್ದಳು.