ಜೀತ ಎಂಬ ಮಾತಿನ ತೂಕ

ರಜೆ ದಿನ ಡ್ಯೂಟಿ ಹಾಕಿದರೆ ಸಾಕು, ‘ಎಂತ ಮಾರಾಯ, ಇದು ಕೆಲಸ ಅಲ್ಲ, ಜೀತ’ ಅಂತೀವಿ. ಮೀಟಿಂಗ್ ಉದ್ದವಾದರೂ ಜೀತ, ಮನೆಗೆ ತರಕಾರಿ ತರಬೇಕಾದರೂ ಜೀತ. ನಕ್ಕು ಮರೆಯುವ ಮಾತು ನಿಜ. ಆದರೆ ಈ ಪದದ ಹಿಂದೆ ಬಹಳ ಜನರ ಕಣ್ಣೀರಿದೆ.

ಹಳಗನ್ನಡದಲ್ಲಿ ಜೀತ ಎಂದರೆ ಸಂಬಳ, ಸೇವೆಯ ಪ್ರತಿಫಲ. ಸಂಸ್ಕೃತದ ‘ಜೀವಿತ’ದಿಂದ ಬಂದ ಮಾತು. ಕಾಲ ಕಳೆದಂತೆ ಅದರೊಳಗಿನ ಸಂಬಳ ಹೋಯಿತು, ದುಡಿಮೆ ಮಾತ್ರ ಉಳಿಯಿತು. ಸಾಲಕ್ಕೆ ಒತ್ತೆಯಾಗಿ ಧಣಿಯ ಮನೆಯಲ್ಲಿ ದುಡಿಯುವುದೇ ಜೀತವಾಯಿತು. ಅಪ್ಪನ ಸಾಲ ಮಗನ ಹೆಗಲಿಗೂ ಬರುತ್ತಿತ್ತು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದವರಿಗೆ ಇದು ಗೊತ್ತು. ಹಳೆಯ ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಯಿತು.

1975ರ ಅಕ್ಟೋಬರ್ 25ರಂದು ಸುಗ್ರೀವಾಜ್ಞೆ ಬಂದು ದೇಶದಲ್ಲಿ ಜೀತ ರದ್ದಾಯಿತು. 1976ರಲ್ಲಿ ಅದೇ ಕಾಯ್ದೆಯಾಯಿತು. ಜೀತದ ಸಾಲವೆಲ್ಲ ಮನ್ನಾ. ಜೀತಕ್ಕೆ ಇಟ್ಟುಕೊಂಡವರಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಮುಂದೆ 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಹಸಿವು, ಬಡತನವೂ ಮನುಷ್ಯನನ್ನು ಬಲವಂತ ಮಾಡುತ್ತವೆ ಎಂಬುದು ಅದರ ವಾದ.

ಅಲ್ಲಿಯೂ ಅರ್ಥ ಹಿಗ್ಗಿತು, ನಮ್ಮ ತಮಾಷೆಯಲ್ಲೂ ಹಿಗ್ಗುತ್ತಿದೆ. ಆದರೆ ಎರಡೂ ಒಂದೇ ಅಲ್ಲ. ನ್ಯಾಯಾಲಯ ಕಾರಣ ಕೊಟ್ಟು ಹಿಗ್ಗಿಸಿತು, ಹೊರಗುಳಿದಿದ್ದ ಕೂಲಿಯವನಿಗೆ ರಕ್ಷಣೆ ಸಿಕ್ಕಿತು. ನಾವು ಕಾರಣವಿಲ್ಲದೆ ಹಿಗ್ಗಿಸುತ್ತೇವೆ, ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಬದಲಿಗೆ ಒಬ್ಬನಿಗೆ ನಷ್ಟವಾಗುತ್ತದೆ. ಏಜೆಂಟನ ಸಾಲ ಹೊತ್ತು ಬಂದವನು, ಪಾಸ್‌ಪೋರ್ಟ್ ಕೈಯಲ್ಲಿ ಇಲ್ಲದವನು, ತಿಂಗಳುಗಟ್ಟಲೆ ಸಂಬಳ ಕಾಣದವನು ‘ನಂದು ಜೀತ ಕಣಣ್ಣ’ ಅಂದರೆ, ಪಕ್ಕದ ಮಂಚದವನು ‘ಎಲ್ಲರದ್ದೂ ಅದೇ ಬಿಡೋ’ ಅಂತ ಮಗ್ಗುಲು ಬದಲಿಸುತ್ತಾನೆ. ಅವನ ಕಷ್ಟ ಹೇಳಲು ಇದ್ದ ಒಂದು ಮಾತನ್ನೂ ನಾವು ಸವೆಸಿಬಿಟ್ಟಿದ್ದೇವೆ.

ದಾಖಲೆ ಕಿತ್ತಿಟ್ಟುಕೊಳ್ಳುವುದು, ಸಂಬಳ ತಡೆಯುವುದು, ಸಾಲದಲ್ಲಿ ಕಟ್ಟಿಹಾಕುವುದು, ಓಡಾಟಕ್ಕೆ ಅಡ್ಡಿ ಮಾಡುವುದು: ಇವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಯ ಗುರುತುಗಳೆಂದು ಪಟ್ಟಿ ಮಾಡಿದೆ. ನಮ್ಮ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಕಂಪನಿಯದ್ದಲ್ಲ.

ಹಾಗಾಗಿ ಕೆಲಸ ಜಾಸ್ತಿಯಾದರೆ ‘ಕೆಲಸ ಜಾಸ್ತಿ’ ಅನ್ನೋಣ, ಬಾಸ್ ಬೈದರೆ ‘ಬೈದ’ ಅನ್ನೋಣ. ಯಾರಾದರೂ ಜೀತ ಅಂದಾಗ ಮಾತ್ರ ಪಕ್ಕದಲ್ಲಿ ಕೂತು ಮೂರು ಪ್ರಶ್ನೆ ಕೇಳೋಣ: ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಸಂಬಳ ಬಂದು ಎಷ್ಟು ದಿನವಾಯಿತು? ಬಿಟ್ಟು ಹೋಗ್ತೀನಿ ಅಂದರೆ ಬಿಡ್ತಾರಾ?